ಹೊಸ ಸಾಫ್ಟ್‌ವೇರ್ ಬಂತು, ಹಳೆ ಎಕ್ಸೆಲ್ ಹೋಗಲಿಲ್ಲ: ಓದುಗರ ಪ್ರಶ್ನೆ, ನಮ್ಮ ಉತ್ತರ

ಈ ಸಲ ಬಂದ ಪತ್ರಗಳಲ್ಲಿ ಮುಕ್ಕಾಲು ಪಾಲು ಒಂದೇ ವಿಷಯದ್ದು. ಕೆಲಸದ ಜಾಗಕ್ಕೆ ಹೊಸ ಸಾಫ್ಟ್‌ವೇರೋ, ಯಂತ್ರವೋ, ಎಐ ಸಲಕರಣೆಯೋ ಬಂದಿದೆ. ಜನ ಬಳಸುತ್ತಿಲ್ಲ, ಇಲ್ಲವೇ ಬಳಸಿದ ಹಾಗೆ ನಟಿಸುತ್ತಿದ್ದಾರೆ. ಮೇಲಿನವರು ಕೆಳಗಿನವರನ್ನು ದೂರಿ ಬರೆದಿದ್ದಾರೆ, ಕೆಳಗಿನವರು ಮೇಲಿನವರನ್ನು. ತಮಾಷೆ ಅಂದರೆ ಯಂತ್ರವನ್ನು ದೂರಿದವರು ಬಹಳ ಕಡಿಮೆ. ಹೆಸರು ಹಾಕಬೇಡಿ ಅಂತ ಎಲ್ಲರೂ ಕೇಳಿಕೊಂಡಿದ್ದಾರೆ, ಹಾಕಿಲ್ಲ. ಉದ್ದದ ಪತ್ರಗಳನ್ನು ಚಿಕ್ಕದು ಮಾಡಿದ್ದೇನೆ.

ಪ್ರಶ್ನೆ: ನಾನು ಹನ್ನೆರಡು ಜನರ ತಂಡದ ಮುಖ್ಯಸ್ಥ. ಯಾವ ಕೆಲಸ ಎಲ್ಲಿಗೆ ಬಂತು ಅಂತ ತಿಳಿಯಲು ಕಂಪನಿ ಹೊಸ ಸಾಫ್ಟ್‌ವೇರ್ ತಂದಿದೆ. ಮೂರು ತಿಂಗಳಾಯಿತು. ನನ್ನ ಎದುರಿಗೆ ಎಲ್ಲರೂ ಅದನ್ನೇ ತೆರೆದಿಟ್ಟುಕೊಂಡಿರುತ್ತಾರೆ, ನಾನು ಆಚೆ ಹೋದ ಕೂಡಲೇ ಹಳೆಯ ಎಕ್ಸೆಲ್ ಶೀಟ್. ನಮ್ಮವರಿಗೆ ಬದಲಾವಣೆ ಅಂದರೆ ಆಗಿಬರುವುದಿಲ್ಲ. ಇವರನ್ನು ದಾರಿಗೆ ತರುವುದು ಹೇಗೆ?

ಉತ್ತರ: ಮೊದಲು ಆ 'ಆಗಿಬರುವುದಿಲ್ಲ' ಅನ್ನುವ ಮಾತು ಬಿಡಿ. ಇದೇ ಹನ್ನೆರಡು ಜನ ಹೊಸ ಫೋನ್ ಕೈಗೆ ಬಂದರೆ ಒಂದೇ ಸಂಜೆಯಲ್ಲಿ ಕಲಿತುಬಿಡುತ್ತಾರೆ. ಯಾರೂ ತರಬೇತಿ ಕೊಡಬೇಕಿಲ್ಲ, ಯಾರೂ ಬೆನ್ನು ಹತ್ತಬೇಕಿಲ್ಲ. ಅಂದಮೇಲೆ ಹೊಸದು ಅನ್ನುವುದೇ ತೊಂದರೆ ಆಗಿರಲು ಸಾಧ್ಯವಿಲ್ಲ.

ಒಂದು ಸಣ್ಣ ಲೆಕ್ಕ ಹಾಕಿ. ಆ ಸಾಫ್ಟ್‌ವೇರಿಗೆ ದಿನಾ ಮಾಹಿತಿ ತುಂಬುವವರು ಯಾರು? ಅದರಿಂದ ಬರುವ ವರದಿ ನೋಡಿ ಖುಷಿಪಡುವವರು ಯಾರು? ಮೊದಲನೆಯದಕ್ಕೆ ಉತ್ತರ ನಿಮ್ಮ ತಂಡ, ಎರಡನೆಯದಕ್ಕೆ ನೀವು ಮತ್ತು ನಿಮ್ಮ ಮೇಲಿನವರು, ಅಲ್ವಾ? ಗುಂಪಾಗಿ ಬಳಸುವ ಸಾಫ್ಟ್‌ವೇರುಗಳು ಯಾಕೆ ನೆಲಕಚ್ಚುತ್ತವೆ ಅಂತ 1988ರಲ್ಲಿ ಜೊನಾಥನ್ ಗ್ರುಡಿನ್ ಅನ್ನುವ ಸಂಶೋಧಕರು ಬರೆದಾಗ ಕೊಟ್ಟ ಮುಖ್ಯ ಕಾರಣಗಳಲ್ಲಿ ಇದೂ ಒಂದು: ದುಡಿಯುವವರು ಒಬ್ಬರು, ಫಲ ಸಿಗುವುದು ಇನ್ನೊಬ್ಬರಿಗೆ. ಅವರ ಒಂದು ಉದಾಹರಣೆ ಕಚೇರಿಯ ಕಂಪ್ಯೂಟರ್ ಕ್ಯಾಲೆಂಡರ್. ಮೀಟಿಂಗ್ ಕರೆಯುವವರಿಗೆ ಅದು ವರ, ಎಲ್ಲರ ಬಿಡುವು ಒಂದೇ ಕಡೆ ಕಾಣುತ್ತದೆ. ಆದರೆ ಅದು ನಡೆಯಬೇಕಾದರೆ ಮೀಟಿಂಗ್ ಕರೆಯುವ ಗೋಜಿಗೇ ಹೋಗದ ಉಳಿದವರೆಲ್ಲ ತಮ್ಮ ದಿನಚರಿಯನ್ನು ಅದರಲ್ಲಿ ತುಂಬುತ್ತಾ ಕೂರಬೇಕು. ಯಾಕೆ ಕೂರುತ್ತಾರೆ?

ಮರುವರ್ಷ, 1989ರಲ್ಲಿ, ಫ್ರೆಡ್ ಡೇವಿಸ್ ಅನ್ನುವವರು ಇನ್ನೊಂದು ಕಡೆಯಿಂದ ಇದನ್ನೇ ನೋಡಿದರು. ಹೊಸ ಸಲಕರಣೆ ಬಂದಾಗ ಜನ ಎರಡು ಪ್ರಶ್ನೆ ಕೇಳಿಕೊಳ್ಳುತ್ತಾರೆ: ಇದರಿಂದ ನನ್ನ ಕೆಲಸಕ್ಕೆ ಉಪಯೋಗ ಇದೆಯಾ, ಇದನ್ನು ಬಳಸುವುದು ಸುಲಭವಾ. ಅವರ ಅಧ್ಯಯನದಲ್ಲಿ ತೂಕ ಜಾಸ್ತಿ ಬಂದದ್ದು ಮೊದಲನೆಯದಕ್ಕೆ. ಉಪಯೋಗಕ್ಕೆ ಬರುತ್ತದೆ ಅಂದರೆ ಸ್ವಲ್ಪ ಕಷ್ಟವಾದರೂ ಜನ ಸಹಿಸಿಕೊಳ್ಳುತ್ತಾರೆ, ಸುಲಭ ಅನ್ನುವ ಒಂದೇ ಕಾರಣಕ್ಕೆ ಕೆಲಸಕ್ಕೆ ಬಾರದ್ದನ್ನು ಯಾರೂ ಹಚ್ಚಿಕೊಳ್ಳುವುದಿಲ್ಲ. ಸಾಫ್ಟ್‌ವೇರ್ ಮಾರಲು ಬರುವವರು ಮಾತ್ರ ಇವತ್ತಿಗೂ 'ಮೂರೇ ಕ್ಲಿಕ್ ಸಾರ್' ಅಂತಲೇ ಶುರು ಮಾಡುತ್ತಾರೆ.

ಈಗ ನೀವು ಮಾಡಬೇಕಾದದ್ದು. ಆ ಕದ್ದು ಬಳಸುವ ಎಕ್ಸೆಲ್ ಶೀಟನ್ನು ಮುಚ್ಚಿಸಬೇಡಿ, ತೆರೆಸಿ ನೋಡಿ. ತಂಡದ ಒಬ್ಬರ ಪಕ್ಕ ಕುರ್ಚಿ ಹಾಕಿಕೊಂಡು ಕುಳಿತು, ಬೈಯುವುದಿಲ್ಲ ಅಂತ ಮಾತು ಕೊಟ್ಟು ನೋಡಿ. ಕೊನೆಯಲ್ಲಿ 'ಷರಾ' ಅಂತ ಒಂದು ಕಾಲಂ ಇದ್ದೇ ಇರುತ್ತದೆ. ಅದರಲ್ಲಿ 'ಇವರಿಗೆ ಮೇಲ್ ಬೇಡ, ಫೋನೇ ಮಾಡಬೇಕು', 'ಹಳೆ ಬಿಲ್ ಬಾಕಿ, ಕೇಳಿ ಕಳಿಸಿ', 'ಎರಡನೇ ಸಲ ವಾಪಸ್ ಬಂದಿದೆ' ಅಂತೆಲ್ಲ ಬರೆದಿರುತ್ತಾರೆ. ಕೆಲವು ಸಾಲುಗಳಿಗೆ ಕೆಂಪು ಬಣ್ಣ ಹಚ್ಚಿರುತ್ತಾರೆ, ಆ ಕೆಂಪಿನ ಅರ್ಥ ಆ ಹನ್ನೆರಡು ಜನಕ್ಕೆ ಮಾತ್ರ ಗೊತ್ತು. ನಿಜವಾದ ಕೆಲಸ ನಡೆಯುವುದೇ ಆ ಕಾಲಂನಲ್ಲಿ. ಹೊಸ ಸಾಫ್ಟ್‌ವೇರಿನಲ್ಲಿ ಅದಕ್ಕೆ ಜಾಗ ಎಲ್ಲಿದೆ? 'ಬಾಕಿ', 'ನಡೆಯುತ್ತಿದೆ', 'ಮುಗಿದಿದೆ' ಅನ್ನುವ ಮೂರು ಆಯ್ಕೆ ಕೊಟ್ಟು ಎಕ್ಸೆಲ್ ಬಿಡಿ ಅಂದರೆ ಹೇಗೆ ಬಿಡುತ್ತಾರೆ?

ಇನ್ನೊಂದು ಮಾತು, ಸ್ವಲ್ಪ ಚುಚ್ಚಬಹುದು. ವಾರದ ಮೀಟಿಂಗಿನಲ್ಲಿ ನೀವು ಆ ಸಾಫ್ಟ್‌ವೇರನ್ನೇ ತೆರೆದು, ಅದರಲ್ಲಿ ಇರುವುದನ್ನು ನೋಡಿ ಮಾತಾಡುತ್ತೀರಾ, ಅಥವಾ 'ಎಲ್ಲ ಒಂದು ಶೀಟ್ ಮಾಡಿ ಕಳಿಸಿಬಿಡಿ' ಅನ್ನುತ್ತೀರಾ? ಎರಡನೆಯದಾದರೆ ಎಕ್ಸೆಲ್ ಬದುಕಿರುವುದು ನಿಮ್ಮ ಕೃಪೆಯಿಂದ. ಹೊಸದೊಂದು ಒಳಗೆ ಬಂದರೆ ಹಳೆಯದೊಂದು ಆಚೆ ಹೋಗಬೇಕು. ಒಂದು ವರದಿಯೋ, ಒಂದು ಫಾರ್ಮೋ, ಒಂದು ಮೀಟಿಂಗೋ. ಎರಡನ್ನೂ ಇಟ್ಟುಕೊಂಡು ಒಂದೇ ಲೆಕ್ಕವನ್ನು ಎರಡು ಕಡೆ ಬರೆಸಿದರೆ ಜನ ಕೈಗೆ ಒಗ್ಗಿದ್ದನ್ನೇ ಹಿಡಿದುಕೊಳ್ಳುತ್ತಾರೆ.

ತಂಡವನ್ನು ಕೇಳಿ ಮಾಡಿದರೆ ವ್ಯತ್ಯಾಸ ಆಗುತ್ತದಾ ಅಂದರೆ, ಆಗುತ್ತದೆ. ಅಮೆರಿಕದ ವರ್ಜೀನಿಯಾದಲ್ಲಿದ್ದ ಹಾರ್ವುಡ್ ಪೈಜಾಮಾ ಕಾರ್ಖಾನೆಯಲ್ಲಿ ಲೆಸ್ಟರ್ ಕೋಚ್ ಮತ್ತು ಜಾನ್ ಫ್ರೆಂಚ್ ಮಾಡಿದ ಪ್ರಯೋಗ 1948ರಲ್ಲಿ ಪ್ರಕಟವಾಯಿತು. ಕೆಲಸದ ವಿಧಾನ ಬದಲಿಸುವಾಗ ಒಂದು ಗುಂಪಿಗೆ ಸುಮ್ನೆ ವಿಷಯ ತಿಳಿಸಿದರು, ಇನ್ನೊಂದು ಗುಂಪಿನ ಪ್ರತಿನಿಧಿಗಳನ್ನು ಕೂರಿಸಿಕೊಂಡರು, ಉಳಿದ ಗುಂಪುಗಳಲ್ಲಿ ಎಲ್ಲರನ್ನೂ ಕೂರಿಸಿಕೊಂಡು ಹೊಸ ವಿಧಾನವನ್ನು ಒಟ್ಟಿಗೇ ರೂಪಿಸಿದರು. ಬರೀ ಹೇಳಿಸಿಕೊಂಡ ಗುಂಪಿನಲ್ಲಿ ಮೊದಲ 40 ದಿನಗಳಲ್ಲೇ 17% ಜನ ಕೆಲಸ ಬಿಟ್ಟರು, ಉತ್ಪಾದನೆ ಮೇಲೇಳಲೇ ಇಲ್ಲ. ಎಲ್ಲರೂ ಕೂತು ಮಾತಾಡಿದ ಗುಂಪುಗಳು ಬೇಗ ಚೇತರಿಸಿಕೊಂಡು ಹಳೆಯ ಮಟ್ಟವನ್ನೂ ದಾಟಿದವು. ಆದರೆ ಎಲ್ಲ ತೀರ್ಮಾನ ಮಾಡಿಟ್ಟು ಆಮೇಲೆ ಕಾಟಾಚಾರಕ್ಕೆ 'ನಿಮ್ಮ ಅಭಿಪ್ರಾಯ ಹೇಳಿ' ಅನ್ನಬೇಡಿ. ಮುಂದಿನ ಸಲ ನೀವು ನಿಜವಾಗಿ ಕೇಳಿದರೂ ಯಾರೂ ಬಾಯಿ ಬಿಡುವುದಿಲ್ಲ.

ಪ್ರಶ್ನೆ: ಹೊಸ ಸಾಫ್ಟ್‌ವೇರ್ ಜಾಸ್ತಿ ಬಳಸಿದವರಿಗೆ ತಿಂಗಳಿಗೊಂದು ಬಹುಮಾನ ಇಡೋಣ ಅಂತಿದ್ದೇವೆ. ಒಳ್ಳೆಯದಾ?

ಉತ್ತರ: ಲಾಗಿನ್ ಸಂಖ್ಯೆ ಗ್ಯಾರಂಟಿ ಏರುತ್ತದೆ. ಬೆಳಿಗ್ಗೆ ಲಾಗಿನ್ ಆಗಿ, ನಾಲ್ಕು ಕಡೆ ಒತ್ತಿ, ಆಮೇಲೆ ಎಂದಿನ ಹಾಗೆ ಕೆಲಸ. ಆ ದುಡ್ಡಿನಲ್ಲಿ ಹಳೆಯ ದಾಖಲೆಗಳನ್ನು ಹೊಸದಕ್ಕೆ ಹಾಕಲು ಎರಡು ತಿಂಗಳ ಮಟ್ಟಿಗೆ ಯಾರನ್ನಾದರೂ ಇಟ್ಟುಕೊಳ್ಳಿ, ನಿಮ್ಮವರು ತಾವಾಗಿಯೇ ಬಂದು ಥ್ಯಾಂಕ್ಸ್ ಹೇಳುತ್ತಾರೆ.

ಪ್ರಶ್ನೆ: ನನಗೆ 54 ವರ್ಷ. ಇದೇ ಕೆಲಸದಲ್ಲಿ ತಲೆ ಹಣ್ಣಾಗಿದೆ. ಹೊಸ ಸಿಸ್ಟಂ ಬಂದ ಮೇಲೆ ನಿನ್ನೆ ಮೊನ್ನೆ ಸೇರಿದ ಹುಡುಗರು 'ಅಂಕಲ್, ಅದಲ್ಲ, ಇದು' ಅಂತ ಮೌಸ್ ಕಿತ್ತುಕೊಂಡು ತಾವೇ ಮಾಡಿಬಿಡುತ್ತಾರೆ. ಅವಮಾನ ಆಗುತ್ತದೆ. ಸ್ವಯಂ ನಿವೃತ್ತಿ ತೆಗೆದುಕೊಂಡುಬಿಡೋಣ ಅನ್ನಿಸುತ್ತಿದೆ.

ಉತ್ತರ: ನಿವೃತ್ತಿಯ ವಿಷಯ ಆಮೇಲೆ, ಮೊದಲು ಮೌಸ್ ವಾಪಸ್ ತೆಗೆದುಕೊಳ್ಳಿ. ತಮಾಷೆಗೆ ಹೇಳುತ್ತಿಲ್ಲ. ಇನ್ನೊಬ್ಬರು ಮಾಡುವುದನ್ನು ನೋಡಿದರೆ ನಮ್ಮ ಕೈಗೆ ಅಭ್ಯಾಸ ಆಗುವುದಿಲ್ಲ. 'ನೀನು ಬಾಯಲ್ಲಿ ಹೇಳಪ್ಪಾ, ಕೈ ನನ್ನದೇ ಇರಲಿ' ಅಂತ ನಗುತ್ತಲೇ ಹೇಳಿ. ಹುಡುಗರು ಕೆಟ್ಟವರಲ್ಲ, ಅವಸರದವರು. ಆಮೇಲೆ ಒಂದು ನೋಟ್‌ಬುಕ್ ಇಟ್ಟುಕೊಂಡು ನಿಮ್ಮದೇ ಮಾತಿನಲ್ಲಿ ಹೆಜ್ಜೆಗಳನ್ನು ಬರೆದುಕೊಳ್ಳಿ. ಕಂಪನಿ ಕೊಟ್ಟ ಕೈಪಿಡಿ ಪರದೆಯ ಬಟನ್‌ಗಳ ಹೆಸರು ಹೇಳುತ್ತದೆ, ನಿಮಗೆ ಬೇಕಿರುವುದು 'ರಜೆ ಅರ್ಜಿ ವಾಪಸ್ ಬಂದರೆ ಏನು ಮಾಡಬೇಕು' ಅನ್ನುವಂಥದ್ದು. ಅಭ್ಯಾಸವನ್ನು ಡೆಮೊ ಫೈಲಿನಲ್ಲಿ ಮಾಡುವುದಕ್ಕಿಂತ ನಿಮ್ಮದೇ ಹಳೆಯ ಫೈಲಿನ ಒಂದು ಪ್ರತಿ ಇಟ್ಟುಕೊಂಡು ಮಾಡಿ, ಯಾರೂ ಹಿಂದೆ ನಿಂತು ನೋಡದ ಹೊತ್ತಿನಲ್ಲಿ.

ನಿಮ್ಮ ಬೇಸರಕ್ಕೆ ಇನ್ನೊಂದು ಕಾರಣವೂ ಇರಬಹುದು, ಅದನ್ನು ನಾಚಿಕೆ ಅಂತ ತಪ್ಪು ತಿಳಿಯಬೇಡಿ. ಶೋಶಾನಾ ಜುಬಾಫ್ ಅವರು 1980ರ ದಶಕದಲ್ಲಿ ಕಾಗದಕ್ಕೆ ತಿರುಳು ತಯಾರಿಸುವ ಗಿರಣಿಗಳಲ್ಲಿ ಅಧ್ಯಯನ ಮಾಡಿದರು. ಅಲ್ಲಿನ ಹಳೆಯ ಕೆಲಸಗಾರರು ತಿರುಳನ್ನು ಮುಟ್ಟಿ, ಮೂಸಿ, ಬಣ್ಣ ನೋಡಿ ಹದ ಹೇಳುತ್ತಿದ್ದರು. ಆಮೇಲೆ ಅವರನ್ನು ಗಾಜಿನ ಕೋಣೆಯಲ್ಲಿ ಪರದೆಯ ಮುಂದೆ ಕೂರಿಸಿ ಅಂಕಿ ನೋಡಿ ಹೇಳಿ ಅಂದರು. ಅವರ ಕೈಯಲ್ಲಿದ್ದ ವಿದ್ಯೆಗೆ ಆ ಪರದೆಯಲ್ಲಿ ಜಾಗವೇ ಇರಲಿಲ್ಲ. ದಡ್ಡರಾದದ್ದಲ್ಲ, ಅವರ ಜಾಣತನ ಕಾಣುವ ಕಡೆ ಮುಚ್ಚಿಹೋಯಿತು. ನಿಮ್ಮಲ್ಲೂ ಅಂಥದ್ದು ಇದ್ದೇ ಇರುತ್ತದೆ. ಒಂದು ಅಂಕಿ ನೋಡಿದ ಕೂಡಲೇ 'ಇದು ಯಾಕೋ ಸರಿ ಇಲ್ಲ' ಅನ್ನಿಸುವುದು ಆ ಹುಡುಗರಿಗೆ ಇನ್ನೂ ಬಂದಿಲ್ಲ. ಅವರು ನಿಮಗೆ ಬಟನ್ ತೋರಿಸಲಿ, ನೀವು ಅವರಿಗೆ ಅದನ್ನು ತೋರಿಸಿ.

ನಿಮ್ಮ ಮೇಲಧಿಕಾರಿ ಇದನ್ನು ಓದುತ್ತಿದ್ದರೆ ಅವರಿಗೂ ಒಂದು ಮಾತು. ಎಮಿ ಎಡ್ಮಂಡ್‌ಸನ್ ಮತ್ತು ಜೊತೆಗಾರರು 2001ರಲ್ಲಿ ಪ್ರಕಟಿಸಿದ ಅಧ್ಯಯನವೊಂದಿದೆ. 16 ಆಸ್ಪತ್ರೆಗಳು ಹೃದಯ ಶಸ್ತ್ರಚಿಕಿತ್ಸೆಯ ಒಂದು ಹೊಸ ವಿಧಾನವನ್ನು ಕಲಿತದ್ದರ ಬಗ್ಗೆ. ಹಳೆಯ ವಿಧಾನದಲ್ಲಿ ಎದೆ ಸೀಳಿದ ಮೇಲೆ ಸರ್ಜನ್‌ಗೆ ಎಲ್ಲ ಕಣ್ಣೆದುರೇ ಇರುತ್ತಿತ್ತು. ಹೊಸದರಲ್ಲಿ ಸಣ್ಣ ರಂಧ್ರ, ರಕ್ತನಾಳದೊಳಗೆ ತೂರಿಸಿದ ಬಲೂನು, ಅದು ಜಾರಿದೆಯಾ ಇಲ್ಲವಾ ಅಂತ ಬೇರೆಯವರು ತೆರೆ ನೋಡಿ ಬಾಯಿ ಬಿಟ್ಟು ಹೇಳಬೇಕು. ಯಾವ ಆಸ್ಪತ್ರೆಗೆ ಹೆಸರು ದೊಡ್ಡದು, ಯಾವ ಸರ್ಜನ್ ಹಿರಿಯರು ಅನ್ನುವುದು ಇಲ್ಲಿ ಕೆಲಸಕ್ಕೆ ಬರಲಿಲ್ಲ. ಕಿರಿಯ ನರ್ಸ್ ಕೂಡ ಹೆದರದೆ 'ಡಾಕ್ಟರೇ, ಒಂದು ನಿಮಿಷ' ಅನ್ನಬಲ್ಲ ತಂಡಗಳು ಗೆದ್ದವು. ಪೆದ್ದು ಪ್ರಶ್ನೆಗೆ ನಗುವ ಕಚೇರಿಯಲ್ಲಿ ಕಲಿಕೆ ಅಲ್ಲಿಗೇ ನಿಂತಿತು ಅಂತ ತಿಳಿಯಿರಿ.

ಪ್ರಶ್ನೆ: ಆಸ್ಪತ್ರೆಯಲ್ಲಿ ನರ್ಸ್ ಆಗಿದ್ದೇನೆ. ಔಷಧಿ ಕೊಡುವ ಮೊದಲು ರೋಗಿಯ ಕೈಪಟ್ಟಿಯ ಬಾರ್‌ಕೋಡ್ ಸ್ಕ್ಯಾನ್ ಮಾಡಬೇಕು ಅಂತ ನಿಯಮ ಬಂದಿದೆ. ಪಟ್ಟಿ ಒದ್ದೆಯಾಗಿ, ಮಡಚಿಹೋಗಿ ಎಷ್ಟೋ ಸಲ ಸ್ಕ್ಯಾನೇ ಆಗುವುದಿಲ್ಲ. ಅದಕ್ಕೆ ನಾವು ಬಾರ್‌ಕೋಡಿನ ಇನ್ನೊಂದು ಪ್ರತಿಯನ್ನು ಟ್ರಾಲಿಗೆ ಅಂಟಿಸಿಕೊಂಡಿದ್ದೇವೆ. ಮೇಲ್ವಿಚಾರಕರು ಮೆಮೊ ಕೊಡುತ್ತೇನೆ ಅನ್ನುತ್ತಿದ್ದಾರೆ. ಅಷ್ಟು ದೊಡ್ಡ ತಪ್ಪಾ ಇದು?

ಉತ್ತರ: ತಪ್ಪೇ. ಟ್ರಾಲಿಯ ಮೇಲಿನ ಚೀಟಿ ಸ್ಕ್ಯಾನ್ ಮಾಡಿದಾಗ ನೀವು ಖಾತ್ರಿ ಮಾಡಿಕೊಂಡದ್ದು ಚೀಟಿಯನ್ನು, ರೋಗಿಯನ್ನಲ್ಲ. ಕಂಪ್ಯೂಟರಿನಲ್ಲಿ ಮಾತ್ರ 'ಪರಿಶೀಲಿಸಲಾಗಿದೆ' ಅಂತ ಹಸಿರು ಗುರುತು ಬೀಳುತ್ತದೆ. ಪರಿಶೀಲನೆಯೇ ಇಲ್ಲದಿದ್ದರೆ ಕನಿಷ್ಠ ಎಚ್ಚರಿಕೆಯಿಂದ ಇರುತ್ತೀರಿ, ಇದ್ದ ಹಾಗೆ ತೋರುವ ಪರಿಶೀಲನೆ ಅದಕ್ಕಿಂತ ಅಪಾಯ. ಹಾಗಾಗಿ ಆ ಚೀಟಿಗಳನ್ನು ಇವತ್ತೇ ಕಿತ್ತುಹಾಕಿ.

ಆದರೆ ಮೆಮೊ ಕೊಟ್ಟರೆ ಇದು ಸರಿ ಹೋಗುತ್ತದೆ ಅಂತ ನಿಮ್ಮ ಮೇಲ್ವಿಚಾರಕರು ತಿಳಿದಿದ್ದರೆ ಅವರಿಗೆ ವಾರ್ಡಿನ ಪರಿಚಯ ಕಡಿಮೆ. ಅಮೆರಿಕದ ಆಸ್ಪತ್ರೆಗಳಲ್ಲಿ ನರ್ಸ್‌ಗಳ ಹಿಂದೆಯೇ ಓಡಾಡಿ ರಾಸ್ ಕೋಪೆಲ್ ಮತ್ತು ಸಂಗಡಿಗರು ಇದೇ ವಿಷಯ ನೋಡಿದ್ದರು. 2008ರಲ್ಲಿ ಪ್ರಕಟವಾದ ಅವರ ವರದಿಯಲ್ಲಿ ಇಂಥ ಅಡ್ಡದಾರಿಗಳು 15 ಬಗೆ, ಅವುಗಳ ಹಿಂದಿನ ಕಾರಣಗಳು 31 ಬಗೆ. ರೋಗಿಗಳ ಬಾರ್‌ಕೋಡನ್ನು ಟ್ರಾಲಿಗೆ, ಸ್ಕ್ಯಾನರಿಗೆ, ಬಾಗಿಲ ಚೌಕಟ್ಟಿಗೆ ಅಂಟಿಸಿದ್ದರು, ಸೊಂಟದ ಬೆಲ್ಟಿನ ರಿಂಗಿಗೂ ನೇತುಹಾಕಿಕೊಂಡಿದ್ದರು. ನಿಮ್ಮ ಹಾಗೆಯೇ! ಕಾರಣಗಳ ಪಟ್ಟಿ ಓದಿದರೆ ನಿಮಗೆ ನಿಮ್ಮದೇ ವಾರ್ಡ್ ನೆನಪಾಗುತ್ತದೆ. ಕೈಪಟ್ಟಿ ಒದ್ದೆಯಾಗಿದೆ, ರೋಗಿ ಅದನ್ನು ಕಚ್ಚಿಹಾಕಿದ್ದಾರೆ, ಔಷಧಿಯ ಬಾರ್‌ಕೋಡ್ ಮೇಲೆ ಬೇರೆ ಲೇಬಲ್ ಕೂತಿದೆ, ಸ್ಕ್ಯಾನರಿನ ಬ್ಯಾಟರಿ ಸತ್ತಿದೆ, ವೈಫೈ ಬರುತ್ತಿಲ್ಲ, ತುರ್ತು ಕೇಸು ಬಂದಿದೆ. ಈ ಪಟ್ಟಿಯಲ್ಲಿ ನರ್ಸ್ ಸೋಮಾರಿತನ ಎಷ್ಟು ಇದೆ ಅಂತ ನೀವೇ ಹೇಳಿ.

ಎರಡು ವಾರ ಒಂದು ಕೆಲಸ ಮಾಡಿ. ಸ್ಕ್ಯಾನ್ ಆಗದ ಪ್ರತಿ ಸಲ ಸಮಯ, ಹಾಸಿಗೆ ಸಂಖ್ಯೆ, ಕಾರಣ, ಮೂರನ್ನೇ ಬರೆದಿಡಿ. ಎಲ್ಲ ಪಾಳಿಯವರೂ ಬರೆಯಲಿ. ಅದನ್ನು ಮೇಲ್ವಿಚಾರಕರ ಕೈಗೆ ಕೊಟ್ಟು, ಕೈಪಟ್ಟಿ ಮತ್ತೆ ಮುದ್ರಿಸಲು ವಾರ್ಡಿನಲ್ಲೇ ಒಂದು ಪ್ರಿಂಟರ್ ಬೇಕು ಅಂತ ಕೇಳಿ. ಗೊಣಗಾಟವನ್ನು ತಳ್ಳಿಹಾಕುವುದು ಸುಲಭ. ಎರಡು ವಾರದ ಪಟ್ಟಿಯನ್ನು ತಳ್ಳಿಹಾಕಿದರೆ ನಾಳೆ ಏನಾದರೂ ಆದಾಗ ಉತ್ತರ ಕೊಡಬೇಕಾದವರು ಅವರು.

ಪ್ರಶ್ನೆ: ಸಣ್ಣ ಕಾರ್ಖಾನೆಯ ಮಾಲೀಕ ನಾನು. ಆರ್ಡರಿನಿಂದ ಸ್ಟಾಕ್ ತನಕ ಎಲ್ಲ ಕಂಪ್ಯೂಟರಿಗೆ ಹಾಕಿಸಿದೆ. ಆರು ತಿಂಗಳಾಯಿತು, ಕೆಲಸ ಮೊದಲಿಗಿಂತ ನಿಧಾನ ಆಗಿದೆ. ದುಡ್ಡು ದಂಡವಾಯಿತಾ?

ಉತ್ತರ: ಆರು ತಿಂಗಳಿಗೆ ತೀರ್ಪು ಕೊಡಬೇಡಿ. ಶುರುವಿನಲ್ಲಿ ಕೆಲಸ ನಿಧಾನ ಆಗುವುದು ಸಾಮಾನ್ಯ, ಅದನ್ನು ಮೊದಲೇ ಲೆಕ್ಕಕ್ಕೆ ಹಿಡಿಯದೆ ಹಳೆಯ ಗುರಿಯನ್ನೇ ಇಟ್ಟರೆ ಜನ ಗುರಿ ಮುಟ್ಟಲು ಹೊಸದನ್ನು ಪಕ್ಕಕ್ಕಿಟ್ಟು ಹಳೆಯ ದಾರಿ ಹಿಡಿಯುತ್ತಾರೆ.

ಆದರೆ ಕಾದರೆ ತಾನಾಗಿ ಸರಿ ಹೋಗುತ್ತದೆ ಅಂತಲೂ ಅಲ್ಲ. ಎಡಿಸನ್ ನ್ಯೂಯಾರ್ಕಿನಲ್ಲಿ ವಿದ್ಯುತ್ ಕೇಂದ್ರ ಶುರು ಮಾಡಿದ್ದು 1882ರಲ್ಲಿ. 1900ರ ಹೊತ್ತಿಗೂ ಅಮೆರಿಕದ ಕಾರ್ಖಾನೆಗಳನ್ನು ನಡೆಸುವ ಶಕ್ತಿಯಲ್ಲಿ ವಿದ್ಯುತ್ ಮೋಟಾರುಗಳ ಪಾಲು 5% ಮುಟ್ಟಿರಲಿಲ್ಲ. ಉತ್ಪಾದಕತೆ ನಿಜವಾಗಿ ಏರಿದ್ದು 1920ರ ದಶಕದಲ್ಲಿ. ಯಾಕಿಷ್ಟು ತಡ ಅಂತ ಆರ್ಥಿಕ ಇತಿಹಾಸಕಾರ ಪಾಲ್ ಡೇವಿಡ್ 1990ರಲ್ಲಿ ವಿವರಿಸಿದರು. ಹಳೆಯ ಕಾರ್ಖಾನೆಯಲ್ಲಿ ಒಂದು ದೊಡ್ಡ ಹಬೆ ಎಂಜಿನ್, ಅದರಿಂದ ಸೂರಿನುದ್ದಕ್ಕೂ ತಿರುಗುವ ಉಕ್ಕಿನ ದಂಡ, ದಂಡದಿಂದ ಪ್ರತಿ ಯಂತ್ರಕ್ಕೂ ಚರ್ಮದ ಬೆಲ್ಟ್. ಯಾವ ಯಂತ್ರ ಎಲ್ಲಿರಬೇಕು ಅನ್ನುವುದನ್ನು ಆ ದಂಡ ತೀರ್ಮಾನ ಮಾಡುತ್ತಿತ್ತು. ವಿದ್ಯುತ್ ಬಂದಾಗ ಮಾಲೀಕರು ಎಂಜಿನ್ ಕಿತ್ತು ಆ ಜಾಗಕ್ಕೆ ಒಂದು ದೊಡ್ಡ ಮೋಟಾರ್ ಇಟ್ಟರು. ದಂಡ, ಬೆಲ್ಟ್, ಮಹಡಿ ಎಲ್ಲ ಹಾಗೇ! ಪ್ರತಿ ಯಂತ್ರಕ್ಕೂ ಅದರದೇ ಪುಟ್ಟ ಮೋಟಾರ್ ಕೊಟ್ಟು, ಸಾಮಾನು ಸಾಗುವ ಕ್ರಮಕ್ಕೆ ತಕ್ಕ ಹಾಗೆ ಒಂದೇ ಅಂತಸ್ತಿನ ಕಟ್ಟಡದಲ್ಲಿ ಯಂತ್ರಗಳನ್ನು ಜೋಡಿಸಿದ ಮೇಲೆ ಫಲ ಸಿಕ್ಕಿತು.

ನಿಮ್ಮಲ್ಲಿ ಆ ದಂಡ ಯಾವುದು ಅಂತ ಹುಡುಕಿ. ಒಂದು ಆರ್ಡರಿನ ಜೊತೆ ಬೆಳಿಗ್ಗೆಯಿಂದ ಸಂಜೆ ತನಕ ನೀವೇ ನಡೆಯಿರಿ. ಕಂಪ್ಯೂಟರಿನಲ್ಲಿ ಒಪ್ಪಿಗೆ ಆದದ್ದನ್ನು ಮತ್ತೆ ಪ್ರಿಂಟ್ ತೆಗೆದು ನಿಮ್ಮ ಸಹಿಗೆ ಕಾಯುತ್ತಿದ್ದಾರಾ? ಸ್ಟಾಕ್ ಅಂಕಿ ಪರದೆಯಲ್ಲಿ ಇದ್ದರೂ ಉಗ್ರಾಣದವರಿಗೆ ಫೋನ್ ಮಾಡಿ ಕೇಳುತ್ತಿದ್ದಾರಾ? ಹಾಗಿದ್ದರೆ ನಿಮ್ಮ ಸಹಿಯೇ ಆ ದಂಡ ಇರಬಹುದು.

ಹಾಗಂತ ಸಾಫ್ಟ್‌ವೇರನ್ನು ನಿಮ್ಮ ಪ್ರತಿ ಹಳೆಯ ರೂಢಿಗೂ ಬಗ್ಗಿಸಲು ಹೋಗಬೇಡಿ. ಜರ್ಮನಿಯ ಲಿಡ್ಲ್ ಅಂಗಡಿ ಸರಪಳಿ ಏಳು ವರ್ಷ ಹೆಣಗಿ, ಸುಮಾರು 50 ಕೋಟಿ ಯೂರೋ ಸುರಿದು, 2018ರಲ್ಲಿ ಸ್ಯಾಪ್ ಅನ್ನುವ ಕಂಪನಿಯ ಸಾಫ್ಟ್‌ವೇರ್ ತರುವ ತನ್ನ ಯೋಜನೆಯನ್ನು ಕೈಬಿಟ್ಟಿತು ಅಂತ ವರದಿಯಾಯಿತು. ಸ್ಟಾಕನ್ನು ಕೊಂಡ ಬೆಲೆಯಲ್ಲಿ ಲೆಕ್ಕ ಇಡುವ ತನ್ನ ಪದ್ಧತಿಗೆ ಆ ಸಾಫ್ಟ್‌ವೇರನ್ನು ತಿದ್ದಿಸಲು ಹೊರಟದ್ದು ಒಂದು ದೊಡ್ಡ ತೊಡಕಾಗಿತ್ತು.

ಪ್ರಶ್ನೆ: ನಾನು ಎಚ್‌ಆರ್ ವಿಭಾಗದಲ್ಲಿದ್ದೇನೆ. ಎರಡು ದಿನದ ತರಬೇತಿ ಕೊಟ್ಟೆವು, ಎಲ್ಲರೂ 'ತುಂಬಾ ಚೆನ್ನಾಗಿತ್ತು' ಅಂತ ಬರೆದುಕೊಟ್ಟರು. ಸಿಸ್ಟಂ ಶುರುವಾದ ದಿನ ಯಾರಿಗೂ ಏನೂ ನೆನಪಿಲ್ಲ. ಎಲ್ಲಿ ಎಡವಿದೆವು?

ಉತ್ತರ: ತರಬೇತಿಗೂ ಶುರುವಾದ ದಿನಕ್ಕೂ ನಡುವೆ ಎಷ್ಟು ದಿನ ಇತ್ತು ಅಂತ ನೀವು ಬರೆದಿಲ್ಲ. ಜಾಸ್ತಿ ಇತ್ತು ಅಂತ ನನ್ನ ಊಹೆ.

ಲಂಡನ್ನಿನ ಆಂಬುಲೆನ್ಸ್ ಸೇವೆ 1992ರ ಅಕ್ಟೋಬರ್ 26ರಂದು ಇಡೀ ನಗರದ ಕರೆಗಳನ್ನು ಒಂದೇ ಏಟಿಗೆ ಹೊಸ ಕಂಪ್ಯೂಟರ್ ವ್ಯವಸ್ಥೆಗೆ ಹಾಕಿತು. ಎರಡೇ ದಿನದಲ್ಲಿ ಅರ್ಧ ಕೈಕೆಲಸಕ್ಕೆ ವಾಪಸ್ ಬಂದರು, ನವೆಂಬರ್ 4ಕ್ಕೆ ಅದೂ ನಿಂತುಹೋಗಿ ಪೂರ್ತಿ ಕಾಗದಕ್ಕೆ ಇಳಿದರು. ಸಾಫ್ಟ್‌ವೇರಿನಲ್ಲೂ ದೋಷ ಇತ್ತು, ಬೇಕಾದಷ್ಟಿತ್ತು. ಆದರೆ ತನಿಖಾ ವರದಿ ತರಬೇತಿಯ ಬಗ್ಗೆಯೂ ಹೇಳಿತು. ಮೊದಲು ಅಂದುಕೊಂಡಿದ್ದ ದಿನಾಂಕ ಮುಂದೆ ಮುಂದೆ ಹೋದರೂ ತರಬೇತಿ ಮಾತ್ರ ಮೊದಲೇ ಮುಗಿದಿತ್ತು, ಶುರುವಾಗುವ ಹೊತ್ತಿಗೆ ಕಲಿತದ್ದು ಆರಿಹೋಗಿತ್ತು. ಸಿಬ್ಬಂದಿಗೆ ಅದರ ಮೇಲೆ ನಂಬಿಕೆಯೂ ಇರಲಿಲ್ಲ. ಅದೇ ಸಂಸ್ಥೆ 1996ರಲ್ಲಿ ಬೇರೆ ವ್ಯವಸ್ಥೆ ತಂದಿತು. ಈ ಸಲ ಸಿಬ್ಬಂದಿಯ ಜೊತೆ ಕೂತು, ಹಂತ ಹಂತವಾಗಿ, ಅವಸರ ಮಾಡದೆ. ಅದು ನಿಂತಿತು.

ಹಾಗಾಗಿ ಎರಡು ದಿನದ ಬದಲು ಶುರುವಾಗುವ ಹಿಂದಿನ ದಿನ ಅರ್ಧ ದಿನ ಇಡಿ. ಉಳಿದ ಒಂದೂವರೆ ದಿನವನ್ನು ಶುರುವಾದ ಮೇಲಿನ ವಾರಗಳಿಗೆ ಉಳಿಸಿ, ಏಕೆಂದರೆ ನಿಜವಾದ ಪ್ರಶ್ನೆಗಳು ಹುಟ್ಟುವುದು ಆಗ. ಪ್ರತಿ ವಿಭಾಗದಲ್ಲೂ 'ಸ್ವಲ್ಪ ಇದು ನೋಡಿ' ಅಂತ ಎಲ್ಲರೂ ಹೋಗುವ ಒಬ್ಬರು ಇರುತ್ತಾರೆ. ಅವರ ಉಳಿದ ಕೆಲಸವನ್ನು ಅಷ್ಟು ದಿನ ಅಧಿಕೃತವಾಗಿಯೇ ಕಡಿಮೆ ಮಾಡಿ. ಇಲ್ಲದಿದ್ದರೆ ಅವರು ಊಟದ ಹೊತ್ತಿನಲ್ಲಿ ಎಲ್ಲರಿಗೂ ಕಲಿಸಿ, ತಮ್ಮ ಕೆಲಸ ಬಾಕಿ ಉಳಿಸಿಕೊಂಡು, ವರ್ಷದ ಕೊನೆಗೆ ಕಡಿಮೆ ಅಂಕ ತೆಗೆದುಕೊಳ್ಳುತ್ತಾರೆ. ಆ 'ಚೆನ್ನಾಗಿತ್ತು' ಫಾರ್ಮುಗಳನ್ನು ರದ್ದಿಗೆ ಹಾಕಿ.

ಪ್ರಶ್ನೆ: ಗ್ರಾಹಕರ ಕರೆಗಳಿಗೆ ಉತ್ತರ ಕೊಡುವ ಕೆಲಸ ನನ್ನದು. ಎಐ ಸಲಕರಣೆ ಬಂದಿದೆ, ಅದಕ್ಕೆ ನಿಮ್ಮ ಒಳ್ಳೊಳ್ಳೆ ಉತ್ತರಗಳನ್ನು ಕೊಡಿ ಅನ್ನುತ್ತಿದ್ದಾರೆ. ನಾನೇ ಕಲಿಸಿ, ಆಮೇಲೆ ನನ್ನನ್ನೇ ಮನೆಗೆ ಕಳಿಸಿದರೆ?

ಉತ್ತರ: ನಿಮ್ಮ ಭಯ ಸುಮ್ಮನೆ ಹುಟ್ಟಿದ್ದಲ್ಲ, 'ಹಾಗೇನೂ ಆಗಲ್ಲ' ಅಂತ ಸಮಾಧಾನ ಹೇಳಲು ನನಗೆ ಇಷ್ಟವಿಲ್ಲ. 2023ರಲ್ಲಿ ಬಂದ ಒಂದು ಅಧ್ಯಯನದಲ್ಲಿ ಎರಿಕ್ ಬ್ರಿನ್‌ಯೋಲ್ಫ್‌ಸನ್ ಮತ್ತು ಜೊತೆಗಾರರು ನಿಮ್ಮ ಥರದ ಕೆಲಸ ಮಾಡುವ 5,000ಕ್ಕೂ ಹೆಚ್ಚು ಜನರನ್ನು ನೋಡಿದರು. ಎಐ ಸಲಹೆ ಸಿಕ್ಕ ಮೇಲೆ ಗಂಟೆಗೆ ಬಗೆಹರಿಸುವ ದೂರುಗಳು ಸರಾಸರಿ 14% ಏರಿದವು. ಹೊಸಬರಲ್ಲಿ ಏರಿಕೆ 34%. ಪಳಗಿದವರಿಗೆ ಹೆಚ್ಚೇನೂ ಲಾಭ ಆಗಲಿಲ್ಲ. ಏಕೆಂದರೆ ಆ ಎಐ ಹೊಸಬರಿಗೆ ಹೇಳಿಕೊಡುತ್ತಿದ್ದದ್ದು ಪಳಗಿದವರ ಚಾತುರ್ಯವನ್ನೇ. ಅಂದರೆ ವಿದ್ಯೆ ನಿಮ್ಮದು, ಫಲ ಪಕ್ಕದ ಕುರ್ಚಿಯವರಿಗೆ ಮತ್ತು ಕಂಪನಿಗೆ. ಮೊದಲ ಪ್ರಶ್ನೆಯಲ್ಲಿ ಹೇಳಿದ ಲೆಕ್ಕ ಇಲ್ಲೂ ಬಂತು, ನೋಡಿ.

ಇದು ಎಐನಿಂದ ಶುರುವಾದದ್ದೂ ಅಲ್ಲ. ಸಲಹಾ ಸಂಸ್ಥೆಯೊಂದು ತನ್ನವರೆಲ್ಲ ತಿಳಿದದ್ದನ್ನು ಹಂಚಿಕೊಳ್ಳಲಿ ಅಂತ ಲೋಟಸ್ ನೋಟ್ಸ್ ಅನ್ನುವ ಸಾಫ್ಟ್‌ವೇರ್ ಹಾಕಿಸಿತ್ತು. ವಾಂಡಾ ಒರ್ಲಿಕೋವ್ಸ್ಕಿ 1992ರಲ್ಲಿ ಅದರ ಬಗ್ಗೆ ಬರೆದರು. ಜನ ಹಂಚಿಕೊಳ್ಳಲಿಲ್ಲ. ಅಲ್ಲಿ ಬಡ್ತಿ ಸಿಗುತ್ತಿದ್ದದ್ದು ಬೇರೆಯವರಿಗೆ ಗೊತ್ತಿಲ್ಲದ್ದು ಗೊತ್ತಿರುವವರಿಗೆ. ಹಾಗಿರುವಾಗ ಗುಟ್ಟು ಬಿಟ್ಟುಕೊಟ್ಟರೆ ಅವರಿಗೆ ಸಿಗುವುದೇನು?

ನಿಮಗೆ ಹೇಳುವುದಿಷ್ಟು. ಒಬ್ಬರೇ ಹೋಗಬೇಡಿ, ನಾಲ್ಕೈದು ಜನ ಸೇರಿ ಹೋಗಿ ಮ್ಯಾನೇಜರನ್ನು ಮೂರು ಪ್ರಶ್ನೆ ಕೇಳಿ. ಸಮಯ ಉಳಿದರೆ ಜನ ಕಡಿಮೆ ಮಾಡುತ್ತೀರಾ, ಅಥವಾ ಕಷ್ಟದ ಕೇಸುಗಳಿಗೆ ಹಾಕುತ್ತೀರಾ? ಎಐ ಕಲಿಸಲು ಕೊಟ್ಟ ಸಮಯ ನಮ್ಮ ದಿನದ ಗುರಿಯಲ್ಲಿ ಕಳೆಯುತ್ತದಾ? ಅದು ತಪ್ಪು ಉತ್ತರ ಕೊಟ್ಟು ನಾನು ಅದನ್ನೇ ಗ್ರಾಹಕರಿಗೆ ಹೇಳಿದರೆ ಹೊಣೆ ಯಾರದು? ಬರವಣಿಗೆಯಲ್ಲಿ ಕೇಳಿ. ಉತ್ತರವೇ ಬರದಿದ್ದರೆ ಅದೂ ಒಂದು ಉತ್ತರ, ನಿಮ್ಮ ಬಯೊಡೇಟಾವನ್ನು ಸಿದ್ಧ ಇಟ್ಟುಕೊಳ್ಳಿ. ಈ ನಡುವೆ ಆ ಸಲಕರಣೆಯನ್ನು ನೀವು ಕಲಿಯುವುದನ್ನು ಮಾತ್ರ ನಿಲ್ಲಿಸಬೇಡಿ, ಎಲ್ಲಿಗೆ ಹೋದರೂ ಅದು ಬೇಕಾಗುತ್ತದೆ.

ಪ್ರಶ್ನೆ: ಕ್ಯಾಶ್ ಕೌಂಟರಿನಲ್ಲಿ ಕೂರುತ್ತೇನೆ. ಹೊಸ ಬಿಲ್ಲಿಂಗ್ ಸಿಸ್ಟಂ ಬಂದಾಗಿನಿಂದ ದಿನದ ಲೆಕ್ಕ ಒಮ್ಮೊಮ್ಮೆ ತಾಳೆ ಆಗುತ್ತಿಲ್ಲ. ದುಡ್ಡು ನನ್ನ ಹತ್ತಿರ ಸರಿ ಇದೆ, ಪರದೆಯಲ್ಲಿ ಜಾಸ್ತಿ ತೋರಿಸುತ್ತದೆ. 'ಕಂಪ್ಯೂಟರ್ ಸುಳ್ಳು ಹೇಳುತ್ತದಾ?' ಅಂತ ಕೇಳುತ್ತಾರೆ. ಹೆಲ್ಪ್‌ಡೆಸ್ಕಿನವರು 'ಬೇರೆ ಯಾರೂ ದೂರಿಲ್ಲ' ಅಂದರು.

ಉತ್ತರ: ಹೇಳುತ್ತದೆ, ಬೇಕಾದಷ್ಟು ಸಲ ಹೇಳಿದೆ. ಬ್ರಿಟನ್ನಿನ ಪೋಸ್ಟ್ ಆಫೀಸ್ ಸಂಸ್ಥೆ 1999ರಿಂದ ಹೊರೈಜನ್ ಅನ್ನುವ ಲೆಕ್ಕದ ವ್ಯವಸ್ಥೆ ತಂದಿತು. ಸಣ್ಣ ಸಣ್ಣ ಅಂಚೆ ಕಚೇರಿ ನಡೆಸುವವರ ಲೆಕ್ಕದಲ್ಲಿ ಇಲ್ಲದ ಕೊರತೆ ಕಾಣಿಸತೊಡಗಿತು. ಸಹಾಯವಾಣಿಗೆ ಫೋನ್ ಮಾಡಿದರೆ ಎಷ್ಟೋ ಜನರಿಗೆ ಸಿಕ್ಕ ಉತ್ತರ 'ನಿಮಗೊಬ್ಬರಿಗೇ ಹೀಗಾಗುತ್ತಿರುವುದು'. 2015ರ ತನಕ 900ಕ್ಕೂ ಹೆಚ್ಚು ಜನರಿಗೆ ಕಳ್ಳತನ, ಸುಳ್ಳು ಲೆಕ್ಕ ಅಂತೆಲ್ಲ ಶಿಕ್ಷೆ ಆಯಿತು, ಕೆಲವರು ಜೈಲಿಗೂ ಹೋದರು. 2019ರಲ್ಲಿ ಹೈಕೋರ್ಟ್ ಆ ವ್ಯವಸ್ಥೆಯಲ್ಲಿ ದೋಷಗಳಿದ್ದವು ಅಂತ ತೀರ್ಪು ಕೊಟ್ಟಿತು. 2024ರಲ್ಲಿ ಸಂಸತ್ತು ಕಾನೂನು ಮಾಡಿಯೇ ಆ ಶಿಕ್ಷೆಗಳನ್ನು ರದ್ದು ಮಾಡಬೇಕಾಯಿತು. ದೋಷ ಇಲ್ಲದ ಸಾಫ್ಟ್‌ವೇರ್ ಇಲ್ಲ, ಅದು ಕ್ಷಮಿಸಬಹುದಾದದ್ದು. ನೂರಾರು ಜನ ಒಂದೇ ಮಾತು ಹೇಳುತ್ತಿದ್ದರೂ ಯಂತ್ರವನ್ನೇ ನಂಬಿ ಮನುಷ್ಯರನ್ನು ನಂಬದೇ ಹೋದದ್ದು ಸಂಸ್ಥೆಯ ದೋಷ.

ನೀವು ಇವತ್ತಿನಿಂದಲೇ ಹೀಗೆ ಮಾಡಿ. ಲೆಕ್ಕ ತಾಳೆ ಆಗದ ದಿನ ಪರದೆಯ ಫೋಟೊ, ಸಮಯ, ಕೊನೆಯ ಕೆಲವು ಬಿಲ್‌ಗಳ ಸಂಖ್ಯೆ, ನಡುವೆ ಕರೆಂಟ್ ಅಥವಾ ನೆಟ್ ಹೋಗಿತ್ತಾ, ಯಾವ ಬಿಲ್ ರದ್ದು ಮಾಡಿದಿರಿ, ಎಲ್ಲ ಬರೆದಿಡಿ. ಹೆಲ್ಪ್‌ಡೆಸ್ಕಿಗೆ ಫೋನಿನ ಜೊತೆ ಮೇಲ್ ಕೂಡ ಹಾಕಿ, ದೂರಿನ ಸಂಖ್ಯೆ ಕೇಳಿ ತೆಗೆದುಕೊಳ್ಳಿ. ಬೇರೆ ಕೌಂಟರಿನವರನ್ನು ನೀವೇ ವಿಚಾರಿಸಿ, ಹೆಲ್ಪ್‌ಡೆಸ್ಕ್ ಹೇಳಿದ್ದನ್ನು ನಂಬಿ ಕೂರಬೇಡಿ. ಮತ್ತೆ, ಕೊರತೆಯನ್ನು ನಿಮ್ಮ ಜೇಬಿನಿಂದ ತುಂಬಿ ಸುಮ್ಮನಾಗಬೇಡಿ. ಆ ಅಂಚೆಯವರಲ್ಲಿ ಎಷ್ಟೋ ಜನ ಗಲಾಟೆ ಯಾಕೆ ಅಂತ ಹಾಗೇ ಮಾಡಿದ್ದರು. ಅದರಿಂದ ಪುಸ್ತಕದಲ್ಲಿ ಲೆಕ್ಕ ಸರಿಹೋಯಿತು, ಸಾಫ್ಟ್‌ವೇರಿನ ತಪ್ಪು ಮಾತ್ರ ಯಾರ ಕಣ್ಣಿಗೂ ಬೀಳಲಿಲ್ಲ.